ತಿದ್ದೋಲೆ

ಹನ್ನೊಂದು ಹೊಡೆದರೆ ಕಾಲು ದರ.
ಅದಕ್ಕೇ ಈ ಊರಿನ ಅರ್ಧ ವ್ಯಾಪಾರ
ನಿದ್ದೆಗಣ್ಣಲ್ಲಿ ನಡೆಯುವುದು,
ದುರ್ಗಿಗುಡಿಯ ಈ ಬೂತಿನಲ್ಲಿ, ಶಟರು ಮೊಣಕಾಲಿಗಿಳಿಸಿ.

ವೀರಣ್ಣಾಚಾರ್ರ ಪಟ್ಟಿ: ನೂರ ನಲವತ್ತೆರಡು ನಂಬರು.
ಕೊಯಮತ್ತೂರು, ಕೊಲ್ಲಾಪುರ, ರಾಜಕೋಟ, ಬೆಳಗಾವಿ,
ಪಂಪು ಮಾಡುವವರು, ಮೋಟಾರು ಕಟ್ಟುವವರು,
ಗಿರಣಿಗೆ ಗಾಲಿ ಕೂರಿಸುವವರು.
ಒಬ್ಬರ ಮುಖವನ್ನೂ ಕಂಡವಳಲ್ಲ ನಾನು.
ಅವರ ಯಂತ್ರಗಳ ಗಂಟಲು ಮಾತ್ರ ಗೊತ್ತು.
ರಾಜಕೋಟದ ಪಟೇಲರದ್ದು ಸಿಳ್ಳೆಗೆ ಮುಂಚೆ ಒಮ್ಮೆ ಕೆಮ್ಮುತ್ತದೆ.
ಬೆಳಗಾವಿಯದು ಮೊದಲ ರಿಂಗಿಗೇ ಬಾಗಿಲು ತೆರೆಯುತ್ತದೆ.
ಎಂಬತ್ತೇಳನೆಯದು ಯಂತ್ರವೇ ಅಲ್ಲ, ಯಾರದೋ ಮನೆ:
ಗಂಡಸೊಬ್ಬ ಎತ್ತಿ, ನಮ್ಮ ಕೀರಲು ಕೇಳಿ,
ಮರಾಠಿಯಲ್ಲಿ ಬೈದು ಇಡುತ್ತಾನೆ.
ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದೇನೆ. ಆದರೂ ಬೆರಳು ಅಲ್ಲಿಗೇ ಹೋಗುತ್ತದೆ.

ಒಂದೇ ಹಾಳೆ. ಅದೇ ಮತ್ತೆ ಮತ್ತೆ ತೂರಬೇಕು.
ಆ ತುದಿಯಲ್ಲಿ ಎಲ್ಲರಿಗೂ ಹೊಸದು;
ಮೂಲ ಮಾತ್ರ ನನ್ನ ಕೈಯಲ್ಲಿ ಸವೆಯುತ್ತದೆ.
ಇಪ್ಪತ್ತಕ್ಕೊಮ್ಮೆ ಅಂಚು ಹರಿದು, ಜೆರಾಕ್ಸು ಬದಲಿಸುತ್ತೇನೆ.

ಆ ರಾತ್ರಿ ಮುಗಿದಾಗ ಎರಡೂವರೆ.
ಹೊಳೆ ಸ್ಟಾಪಿನ ಕಡೆಯಿಂದ ಖಾಲಿ ಲಾರಿಯೊಂದು
ಸರಪಳಿ ಎಳೆಯುತ್ತ ಹೋಯಿತು.
ವರದಿ ಹರಿದೆ: ನೂರ ಹತ್ತೊಂಬತ್ತು ಓಕೆ,
ಹದಿನಾಲ್ಕು ಬ್ಯುಸಿ, ಒಂಬತ್ತು ಉತ್ತರವಿಲ್ಲ.
ಕಾಗದ ಕೆಂಡದ ಮೇಲಿನ ಹಪ್ಪಳದಂತೆ ಮುದುರುತ್ತಿತ್ತು.
ಬೆಚ್ಚಗಿತ್ತು. ಕೆನ್ನೆಗೊತ್ತಿಕೊಂಡು ಬಲ್ಬು ಆರಿಸಿದೆ.

ಬೆಳಿಗ್ಗೆ ಬಂದರೆ
ಯಂತ್ರದ ಬಾಯಿಂದ ಕಾಗದ ನೆಲ ಮುಟ್ಟಿತ್ತು.
‘ಐನೂರು ಕವಚ ಕಳಿಸಿ.’ ‘ಎರಡು ಸಾವಿರ, ಕೂಡಲೇ.’
ಇದುವರೆಗೆ ಕೆಮ್ಮಷ್ಟೇ ಕೇಳಿಸಿದ್ದ ಪಟೇಲರು
ಸ್ವಂತ ಕೈಯಲ್ಲಿ ಬರೆದಿದ್ದರು, ಇಂಗ್ಲಿಷಿನಲ್ಲಿ,
ದೇವರು ನಿಮಗೆ ಒಳ್ಳೆಯದು ಮಾಡಲಿ ಅಂತ.

ಆಗ ನೋಡಿದೆ.
ಕೆಜಿಗೆ ಮೂವತ್ತೆಂಟು ಇರಬೇಕಾದಲ್ಲಿ
ಇಪ್ಪತ್ತೆಂಟು.
ನನ್ನದೇ ಟೈಪು. ಒಂದೇ ಕೀಲಿ, ಒಂದು ಮನೆ ಎಡಕ್ಕೆ.

ಒಬ್ಬರೆದುರು ತಪ್ಪಿದರೆ ನಾಲಿಗೆ ಕಚ್ಚಿಕೊಳ್ಳಬಹುದು.
ನೂರ ಹತ್ತೊಂಬತ್ತು ಮೇಜುಗಳ ಮೇಲೆ
ನನ್ನ ತಪ್ಪು ಆಗಲೇ ಟೀ ಲೋಟದ ಕೆಳಗೆ ಕೂತಿದೆ,
ಯಾವ ನಾಲಿಗೆ ಕಚ್ಚಲಿ?

ಮಾಚೇನಹಳ್ಳಿಯ ಬಸ್ಸು ಹಿಡಿದೆ.
ಆಚಾರ್ರು ಕುಲುಮೆಯ ಮುಂದೆ, ಹುಬ್ಬು ಸುಟ್ಟ ಮುಖ.
ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು,
ಒರೆಸಿದರೆ ಅಂಕಿ ಬೆಳೆದೀತೇನೋ ಅಂತ.
‘ಎರಕ ಹೊಯ್ದಾಯ್ತಲ್ಲ, ರೋಸ್ಲಿನ್.
ಇನ್ನು ಅಚ್ಚನ್ನು ಬೈದು ಏನು ಬಂತು.
ಕರಗಿಸಿ ಮತ್ತೆ ಹುಯ್ಯೋದು, ಅಷ್ಟೆ.’
ಆಮೇಲೆ ಬಗ್ಗಿ, ಅಚ್ಚಿನ ಕಪ್ಪು ಮರಳಿನ ಮೇಲೆ
ಬೆರಳಲ್ಲಿ ಒಂದು ದೊಡ್ಡ ಮೂರು ಬರೆದು ತೋರಿಸಿದರು.
ಶಿಕ್ಷೆ ಅಂತ ಆದದ್ದು ಅದೊಂದೇ.

ಮತ್ತೆ ಹನ್ನೊಂದು. ಮತ್ತೆ ನೂರ ನಲವತ್ತೆರಡು.
‘ನಿನ್ನೆ ಕಳಿಸಿದ ದರದಲ್ಲಿ ತಪ್ಪಾಗಿದೆ. ಕ್ಷಮಿಸಿ.’
ಎಂಬತ್ತೇಳಕ್ಕೆ ಹಾಳೆ ತೂರಲಿಲ್ಲ.
ರಿಸೀವರ್ ಎತ್ತಿ, ಬಾಯಿಬಿಟ್ಟು, ಕನ್ನಡದಲ್ಲೇ,
ಕ್ಷಮಿಸಿ ಎಂದೆ.
ಆತ ಸ್ವಲ್ಪ ಹೊತ್ತು ಸುಮ್ಮನಿದ್ದ.
ಮರಾಠಿಯಲ್ಲಿ ಏನೋ ಅಂದ. ಬೈಗುಳವಲ್ಲ. ಇಟ್ಟ.

ಪಟೇಲರು ಆರ್ಡರು ವಾಪಸು ತೆಗೆದುಕೊಂಡರು.
ದೇವರನ್ನೂ.
ಹನ್ನೊಂದು ಜನ ಮಾತ್ರ ಹೊಸ ದರಕ್ಕೇ ನಿಂತರು,
ಯಾಕೋ, ಕೇಳಲಿಲ್ಲ.

ವಾರದ ಮೇಲೆ ಒಂದು ಬಂತು, ಹರಿಹರದಿಂದ,
ಉತ್ತರವಿಲ್ಲದ ಆ ಒಂಬತ್ತರಲ್ಲಿ ಒಂದು,
ಓರೆಗೆ ಬಿದ್ದ ಕೈಬರಹ:
‘ನಿಮ್ಮ ತಿದ್ದೋಲೆ ತಲುಪಿದೆ.
ಮೊದಲಿನ ತಪ್ಪು ನಮಗೆ ಬಂದಿಲ್ಲ.
ಫೈಲಿಗೆ ಬೇಕು. ದಯವಿಟ್ಟು ಅದನ್ನೂ ಕಳಿಸಿ.’

ಕಳಿಸಿದೆ.
ಹಗಲು ಹನ್ನೆರಡಕ್ಕೆ, ಪೂರಾ ದರದಲ್ಲಿ,
ಗಲ್ಲಾಪೆಟ್ಟಿಗೆಗೆ ನನ್ನ ಕೈಯ ಕಾಸು ಹಾಕಿ.